ಸಕ್ಕರೆ ಇಲ್ಲದ್ದು ಒಂದು

ಕೈ ತೊಳೆಯಲು ಹೋಗಿದ್ದ ಸೈದೆ ಅತ್ತೆ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದವಳು ಮೇಜಿನ ಮುಂದೆ ಗಕ್ಕನೆ ನಿಂತಳು. ಒಮ್ಮೆ ಮೇಜನ್ನು ನೋಡಿದಳು, ಒಮ್ಮೆ ಅಣ್ಣನ ಮುಖವನ್ನು.

“ಏಳಿ. ಎಲ್ಲರೂ ಏಳಿ. ಯಾರದೋ ಮದುವೆ ಊಟಕ್ಕೆ ಬಂದು ಕೂತಿದ್ದೀರಲ್ಲ, ಹೊಡೆದು ಓಡಿಸೋಕೆ ಮುಂಚೆ ಏಳಿ!”

“ಕೂತ್ಕೊಳೇ ಸುಮ್ನೆ,” ಎಂದ ಅಣ್ಣ ತನ್ನೂಸ್. “ಇದು ನಮ್ಮದೇ.”

“ನಮ್ಮದೇ? ನಾಲ್ಕು ಬಾಯಿಗೆ? ಅಯ್ಯೋ ಮಾತೆ ಮರಿಯಾ, ಆಸ್ಪತ್ರೆಯವರು ನಿನ್ನ ಹೊಟ್ಟೆ ಕೊಯ್ಯೋವಾಗ ತಲೆಯಿಂದಲೂ ಏನೋ ತೆಗೆದುಬಿಟ್ಟಿದ್ದಾರೆ.”

ತನ್ನೂಸನ ಮಗಳು ವರ್ದೆ ತುಟಿ ಕಚ್ಚಿಕೊಂಡು ನಗು ತಡೆದಳು. ಎದುರಿಗೆ ಕೂತಿದ್ದ ನಖ್ಲೆ ತಲೆ ಬಗ್ಗಿಸಿ ಮೇಜುಬಟ್ಟೆಯ ನೇಯ್ಗೆಯನ್ನು ಪರೀಕ್ಷಿಸುವವನಂತೆ ನಟಿಸುತ್ತಿದ್ದ. ಅವನ ಕಪ್ಪು ಅಂಗಿಯ ಭುಜ ಮಾತ್ರ ಕುಲುಕುತ್ತಿತ್ತು.

ಅತ್ತೆಯದೇನೂ ತಪ್ಪಿರಲಿಲ್ಲ. ಅವಳು ಎದ್ದು ಹೋದಾಗ ಮೇಜಿನ ಮೇಲೆ ಇದ್ದದ್ದು ನೀರಿನ ಹೂಜಿ ಒಂದೇ. ಈಗ ತಟ್ಟೆ, ತಟ್ಟೆಯ ಪಕ್ಕ ತಟ್ಟೆ, ಎರಡು ತಟ್ಟೆಯ ಸಂದಿಯಲ್ಲಿ ಬಟ್ಟಲು. ನುಣ್ಣಗೆ ಅರೆದ ಕಡಲೆಯ ಹುಮ್ಮುಸ್, ಅದರ ನಡುವೆ ಆಲಿವ್ ಎಣ್ಣೆಯ ಪುಟ್ಟ ಕೊಳ. ಕೆಂಡದಲ್ಲಿ ಸುಟ್ಟ ಬದನೆ. ಸಣ್ಣಗೆ ಹೆಚ್ಚಿದ ಸೊಪ್ಪಿನ ಹಸಿರು ಗುಡ್ಡ, ತಬ್ಬೂಲೆ. ದ್ರಾಕ್ಷಿ ಎಲೆಯ ಸುರುಳಿ, ಬೆರಳುದ್ದದ ಕರಿದ ಮೀನು, ಪಾತ್ರೆಯಲ್ಲಿ ಇನ್ನೂ ಚಟಪಟ ಎನ್ನುತ್ತಿದ್ದ ಸಾಸೇಜು, ಐಸಿನ ಹಾಸಿಗೆಯ ಮೇಲೆ ಮಲಗಿದ ಎಳೆ ಬಾದಾಮಿ. ಇಷ್ಟಾದರೂ ಇನ್ನೂ ಬರುತ್ತಲೇ ಇತ್ತು. ಸಾಲದ್ದಕ್ಕೆ ಪಕ್ಕದ ಮೇಜನ್ನೇ ಎಳೆದು ತಂದು ಜೋಡಿಸಿದರು. ತಟ್ಟೆಗಳು ಮೇಜಿಗೆ ಮುಟ್ಟಿದ್ದಕ್ಕಿಂತ ಹೆಚ್ಚಾಗಿ ನಾಲ್ವರ ಎದೆಗೆ ತಟ್ಟಿದ್ದವು.

ತಪ್ಪು ತನ್ನೂಸನದು. ವೇಟರ್ ಮಿತ್ರಿ ಬಂದು ನಿಂತು, ನಡುವೆ ಉಸಿರೇ ತೆಗೆದುಕೊಳ್ಳದೆ ಹತ್ತೂರಿನ ತಿಂಡಿಗಳ ಹೆಸರು ಹಾಡಿ, “ಯಾವುದು ತರಲಿ ಯಜಮಾನ್ರೇ?” ಎಂದಾಗ ತನ್ನೂಸನ ತಲೆಯಲ್ಲಿ ಉಳಿದದ್ದು ಮೊದಲನೆಯ ಹೆಸರು ಮತ್ತು ಕೊನೆಯ ಹೆಸರು ಮಾತ್ರ. ಇನ್ನೊಮ್ಮೆ ಹೇಳಪ್ಪ ಎಂದರೆ ಮೊದಲ ಸಲ ಬಂದವನು ಎಂದು ಗೊತ್ತಾಗಿಬಿಡುತ್ತದಲ್ಲ? “ಎಲ್ಲ ತನ್ನಿ” ಅಂದುಬಿಟ್ಟಿದ್ದ.

ದಾರಿಯುದ್ದಕ್ಕೂ ಲಾರಿಯಲ್ಲಿ ಅವನು ಕೊಚ್ಚಿಕೊಂಡಿದ್ದೇ ಅದನ್ನು. “ನನಗೆ ಬರ್ದೌನಿ ಹೊಳೆ ದಂಡೆ ಹೊಸದೇನಲ್ಲ. ಈ ಹೋಟೆಲಿಗೆ ನಾನು ಎಷ್ಟು ಸಲ ಬಂದಿಲ್ಲ!” ಬಂದದ್ದು ನಿಜವೇ. ಏಪ್ರಿಕಾಟ್ ಬುಟ್ಟಿ ಹೊತ್ತುಕೊಂಡು, ಹಿಂಬಾಗಿಲಿಗೆ.

ಚಳಿಗಾಲದಲ್ಲಿ ಐನ್ ಮಿಶ್ಮಿಶ್ ಊರೇ ಹಿಮದಲ್ಲಿ ಹೂತುಹೋಗಿದ್ದಾಗ ತನ್ನೂಸನ ಹೊಟ್ಟೆಯೊಳಗೆ ಏನೋ ಒಡೆದಿತ್ತು. ನಖ್ಲೆ ಅವನನ್ನು ತನ್ನ ಲಾರಿಗೆ ಹಾಕಿಕೊಂಡು, ಎದುರು ಬಂದ ಹಿಮವನ್ನು ಸಲಿಕೆಯಿಂದ ಅಗೆಯುತ್ತ, ಸರಪಳಿ ಸುತ್ತಿದ ಚಕ್ರಗಳನ್ನು ಒಮ್ಮೆ ಬೈಯುತ್ತ ಒಮ್ಮೆ ಮುದ್ದಿಸುತ್ತ ಜಹ್ಲೆಯ ಆಸ್ಪತ್ರೆಗೆ ಮುಟ್ಟಿಸಿದ್ದ. ಎಚ್ಚರವಾದ ತನ್ನೂಸ್ ಮೊದಲು ಆಡಿದ ಮಾತು: “ಹೊಟ್ಟೆ ಖಾಲಿ ಮಾಡಿದ್ದಾರೆ ಕಣೋ. ಬೇಸಗೆ ಬರಲಿ, ಹೊಳೆ ದಂಡೇಲಿ ಕೂತು ತುಂಬಿಸೋಣ. ನೀನೂ ಬರಬೇಕು.”

ನಖ್ಲೆ ಹಿಂದೆಗೆದಿದ್ದ. ಹಿಂದಿನ ದ್ರಾಕ್ಷಿ ಕೊಯ್ಲಿನಲ್ಲಿ ಅವನ ಅಮ್ಮ ತೀರಿಕೊಂಡಿದ್ದಳು. ವರ್ಷ ತುಂಬದ ಸೂತಕದ ಕಪ್ಪು ಅಂಗಿ ತೊಟ್ಟು ಹೋಟೆಲಿನಲ್ಲಿ ಕೂತರೆ ಊರವರು ಏನನ್ನುತ್ತಾರೋ ಎಂದಿದ್ದ.

“ಅನ್ನೋರು ಅನ್ನಲಿ, ನಾವು ತಿನ್ನೋಣ,” ಎಂದು ತನ್ನೂಸ್ ಮಾತು ಮುಗಿಸಿದ್ದ.

ಅತ್ತೆಗೂ ಈ ಏರ್ಪಾಡು ಹಿಡಿಸಿರಲಿಲ್ಲ. ಹೋಟೆಲಿಗೆ ಹೋಗುವುದು ಮನೆಯಲ್ಲಿ ಒಲೆ ಇಲ್ಲದವರು ಎಂಬುದು ಅವಳ ಸಿದ್ಧಾಂತ. ಈಗ ಕುರ್ಚಿಯ ತುದಿಯಲ್ಲಿ ಕೂತು, ಪರ್ಸನ್ನು ಮಡಿಲಲ್ಲಿ ಬಿಗಿಹಿಡಿದು, ಹಸಿ ಮಾಂಸ ಅರೆದ ಕಿಬ್ಬೆಯ ಒಂದು ಚೂರನ್ನು ರೊಟ್ಟಿಯಲ್ಲಿ ಮುರಿದು ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿದಳು. ಎಲ್ಲರೂ ಅವಳ ತೀರ್ಪಿಗೆ ಕಾದರು.

“ಮೆಷಿನಲ್ಲಿ ಅರೆದದ್ದು,” ಎಂದಳು. “ಒರಳಲ್ಲಿ ಕುಟ್ಟಿಲ್ಲ.” ಇನ್ನೊಂದು ಚೂರು ಮುರಿದಳು. “ಥೂ, ಇದಕ್ಕೆ ಕಿಬ್ಬೆ ಅಂತಾರಾ.” ಮತ್ತೊಂದು. ನಾಲ್ಕನೆಯ ತುತ್ತಿಗೆ ತಟ್ಟೆಯನ್ನೇ ತನ್ನ ಕಡೆ ಎಳೆದುಕೊಂಡಳು.

ವರ್ದೆಯನ್ನು ಬೆರಗುಗೊಳಿಸಿದ್ದು ಆ ತಿಂಡಿಗಳಲ್ಲ. ಅವುಗಳಲ್ಲಿ ಮುಕ್ಕಾಲು ಪಾಲು ಅವಳ ಕೈಯೇ ಬಲ್ಲದ್ದು. ಆದರೆ ಹುಟ್ಟಿದಂದಿನಿಂದ ಕಂಡ ಹುಮ್ಮುಸ್ ಇಲ್ಲಿ, ಈ ಬಿಳಿ ಬಟ್ಟೆಯ ಮೇಲೆ, ಮೊದಲ ಸಲ ಒಡವೆ ತೊಟ್ಟ ಅಕ್ಕನ ಹಾಗೆ ಕಾಣುತ್ತಿತ್ತು. ನೀನಾ ಇದು, ಎಂದು ಕೇಳಬೇಕೆನಿಸುತ್ತಿತ್ತು. ಕಾಲ ಕೆಳಗಿನ ಹಲಗೆಯ ಅಡಿಯಲ್ಲೇ ಹೊಳೆ ಓಡುತ್ತಿತ್ತು. ಪಾಪ್ಲರ್ ಮರಗಳ ಮೇಲಿಂದ ಇಳಿದ ಬಿಸಿಲು ನೀರಿಗೆ ತಾಗಿ, ಅಲ್ಲಿಂದ ಪುಟಿದು ಚಪ್ಪರದ ಒಳಮೈಗೆ ತಾಗಿ, ಅಲ್ಲಿಂದ ಜಾರಿ ನಖ್ಲೆಯ ಕೆನ್ನೆಯ ಮೇಲೆ ಅಲುಗುತ್ತಿತ್ತು.

ಅವನ ಕೆನ್ನೆ. ಅದನ್ನು ಇಷ್ಟು ಹೊತ್ತು, ಇಷ್ಟು ಹತ್ತಿರದಿಂದ ನೋಡುತ್ತ ಕೂರಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮನೆಗೆ ಅವನು ಬಂದಾಗಲೆಲ್ಲ ಅವಳು ಕಂಡದ್ದು ಚೂರು ಚೂರಾಗಿ. ತಟ್ಟೆ ಇಡುವಾಗ ಮೊಣಕೈ, ನೀರು ಕೊಡುವಾಗ ಬೆರಳು, ಬಾಗಿಲು ದಾಟುವಾಗ ಬೆನ್ನು. ಊಟಕ್ಕೆ ಕೂತವರ ನಡುವೆ ಕೂರದೆ ಓಡಾಡುವವಳಿಗೆ ಇಡೀ ಮನುಷ್ಯ ಎಲ್ಲಿ ಸಿಗುತ್ತಾನೆ? ಇಲ್ಲಿ ಏನಾದರೂ ಬೇಕೆಂದರೆ ಮಿತ್ರಿ ಓಡಿ ತರುತ್ತಿದ್ದ. ಅವಳ ಕೆಲಸ ಕೂರುವುದು. ಕೂತು ನೋಡುವುದು. ಅವನು ರೊಟ್ಟಿ ಮುರಿಯುವ ಮೊದಲು ಒಂದು ಕ್ಷಣ ತಡೆಯುತ್ತಾನೆ. ಬಾದಾಮಿಗೆ ಉಪ್ಪು ಹಚ್ಚುವಾಗ ಎಡಹುಬ್ಬು ಮೇಲಕ್ಕೆ ಹೋಗುತ್ತದೆ. ಹುಳಿಯಾದದ್ದು ತಿಂದರೆ ಒಂದೇ ಕಣ್ಣು ಮುಚ್ಚುತ್ತಾನೆ.

ಒಲೆಯಿಂದ ನೇರ ಬಂದ ರೊಟ್ಟಿಯೊಂದನ್ನು ಮಿತ್ರಿ ಅವರಿಬ್ಬರ ನಡುವೆ ಇಟ್ಟ. ದಿಂಬಿನಂತೆ ಉಬ್ಬಿ ನಿಂತಿತ್ತು. ಇಬ್ಬರೂ ಒಟ್ಟಿಗೆ ಕೈ ಚಾಚಿದರು. ಇಬ್ಬರೂ ಒಟ್ಟಿಗೆ ಕೈ ಹಿಂದೆಳೆದರು. ರೊಟ್ಟಿ ತಾನಾಗಿಯೇ ನಿಟ್ಟುಸಿರು ಬಿಟ್ಟು ಕುಸಿಯಿತು.

“ಪಾಪ,” ಎಂದ ನಖ್ಲೆ. “ಎಷ್ಟು ಹೊತ್ತು ಅಂತ ಕಾಯುತ್ತೆ ಅದೂ.”

“ರೊಟ್ಟಿ ಬಗ್ಗೆ ಹೇಳ್ತಿದ್ದೀರಾ?”

“ಮತ್ತೆ? ನೀವು ಯಾರ ಬಗ್ಗೆ ಅಂದ್ಕೊಂಡ್ರಿ?”

ಅವಳು ರೊಟ್ಟಿಯನ್ನು ಎರಡಾಗಿ ಹರಿದು, ಚಿಕ್ಕ ತುಂಡನ್ನು ಅವನ ಕಡೆ ತಳ್ಳಿದಳು.

“ಇದು ಅನ್ಯಾಯ.”

“ಕಾಯೋರಿಗೆ ಅಷ್ಟೇ.”

ಹೆಸರು ನಖ್ಲೆ, ಕಸುಬು ಲಾರಿ, ಚಟ ನಕಲು. ಐನ್ ಮಿಶ್ಮಿಶಿನಲ್ಲಿ ಅವನ ಗಂಟಲಿಗೆ ಸಿಕ್ಕದೆ ಉಳಿದವರು ಯಾರೂ ಇರಲಿಲ್ಲ. ಪಾದ್ರಿಯ ಮೂಗಿನ ರಾಗ, ರೇಡಿಯೋದ ವಾರ್ತೆ, ಸೈದೆ ಅತ್ತೆಯ ನಿಟ್ಟುಸಿರು, ಅತ್ತೆಯ ಕತ್ತೆಯ ಅದಕ್ಕಿಂತ ದೊಡ್ಡ ನಿಟ್ಟುಸಿರು. ಅಮ್ಮ ಹೋದ ಮೇಲೆ ಮಾತ್ರ, ಆ ದನಿಗಳನ್ನೆಲ್ಲ ಅವಳ ಜೊತೆಗೇ ಮಣ್ಣು ಮಾಡಿ ಬಂದವನಂತೆ ಸುಮ್ಮನಾಗಿದ್ದ. ಚಳಿಗಾಲವಿಡೀ ತನ್ನೂಸನ ಗಾಯ ವಿಚಾರಿಸಲು ಬಂದು ಕೂರುತ್ತಿದ್ದ. ವರ್ದೆ ತಂದ ಕಾಫಿ ಕುಡಿಯುತ್ತಿದ್ದ. “ಬರ್ತೀನಿ ಮಾವ” ಎಂದು ಹೋಗುತ್ತಿದ್ದ. ಅಪ್ಪನ ಗಾಯ ವಾಸಿಯಾಗಿ ಚರ್ಮ ಕೂಡಿಕೊಂಡ ಮೇಲೂ ವಿಚಾರಿಸಲು ಬರುತ್ತಲೇ ಇದ್ದ. ಅದು ಅಪ್ಪನಿಗಾಗಿಯೋ, ಅಮ್ಮನಿಲ್ಲದ ತನ್ನ ಮನೆಯ ಚಳಿ ತಡೆಯಲಾರದೆಯೋ, ಇನ್ನು ಯಾವುದಕ್ಕೋ?

ವರ್ದೆಗೆ ಅದು ಗೊತ್ತಾಗಬೇಕಿತ್ತು. ಬೇಗ ಗೊತ್ತಾಗಬೇಕಿತ್ತು. ಪಕ್ಕದೂರಿನ ಹಿಟ್ಟಿನ ಗಿರಣಿಯವರು ತಮ್ಮ ಮಗನಿಗೆ ಅವಳನ್ನು ಕೊಡುತ್ತೀರಾ ಎಂದು ಹೇಳಿ ಕಳಿಸಿದ್ದರು. ಏಪ್ರಿಕಾಟ್ ಕೊಯ್ಲು ಮುಗಿಯಲಿ, ಹೇಳುತ್ತೇನೆ ಎಂದಿದ್ದ ಅಪ್ಪ. ತೋಟದಲ್ಲಿ ಕಾಯಿಗಳು ಆಗಲೇ ಬಣ್ಣ ತಿರುಗುತ್ತಿದ್ದವು.

ಮಿತ್ರಿ ಮತ್ತೊಂದು ಟ್ರೇ ಇಳಿಸಿ, ಪಕ್ಕದ ಮೇಜಿಗೆ ತನ್ನ ಹಾಡು ಶುರುಮಾಡಿದ. “ಹುಮ್ಮುಸ್, ಮುತಬ್ಬಲ್, ತಬ್ಬೂಲೆ, ಫತ್ತೂಶ್, ಕಿಬ್ಬೆ ಹಸಿಯದು, ಕಿಬ್ಬೆ ಕರಿದದ್ದು, ಕಿಬ್ಬೆ ಸುಟ್ಟದ್ದು, ಯಾವುದು ತರಲಿ ಯಜಮಾನ್ರೇ?”

ಅಪ್ಪ ಸೋಂಪಿನ ಹೆಂಡ ಅರಕ್‌ನ ಗ್ಲಾಸಿಗೆ ನೀರು ಬೆರೆಸುವುದರಲ್ಲಿ ಮುಳುಗಿದ್ದ. ಅತ್ತೆ ಕಿಬ್ಬೆಯಲ್ಲಿ ಮುಳುಗಿದ್ದಳು. ನಖ್ಲೆ ಕಣ್ಣೆತ್ತದೆ, ತುಟಿ ಅಲುಗಿತೋ ಇಲ್ಲವೋ ಎಂಬಂತೆ, ಪಿಸುದನಿಯಲ್ಲಿ, ಥೇಟ್ ಮಿತ್ರಿಯೇ ಮೇಜಿನಡಿ ಅಡಗಿ ಕೂತ ಹಾಗೆ ಹಾಡಿದ:

“ವರ್ದೆ ನೋಡಿದ್ದು, ವರ್ದೆ ನೋಡದ ಹಾಗೆ ನೋಡಿದ್ದು, ವರ್ದೆ ತುಟಿ ಕಚ್ಚಿದ್ದು, ವರ್ದೆ ಸಿಟ್ಟಾದದ್ದು ಬಿಸಿಬಿಸಿ, ಯಾವುದು ತರಲಿ ಯಜಮಾನ್ರೇ?”

ಅವಳು ನಕ್ಕ ರಭಸಕ್ಕೆ ಬಾಯಲ್ಲಿದ್ದ ನೀರು ಮೂಗಿಗೆ ಹತ್ತಿತು. ಅತ್ತೆ ಅವಳ ಬೆನ್ನಿಗೆ ಗುದ್ದಿದಳು. “ನಿಧಾನ ತಿನ್ನೇ! ಯಾರೂ ಕಿತ್ಕೊಂಡು ಹೋಗಲ್ಲ.”

ಕೆಮ್ಮು ನಿಂತಾಗ ಕಣ್ಣಲ್ಲಿ ನೀರಾಡುತ್ತಿತ್ತು. ಅವನು ಮತ್ತೆ ನಕಲು ಮಾಡಿದ್ದ! ಎಷ್ಟು ಕಾಲದ ಮೇಲೆ, ಅವಳೊಬ್ಬಳಿಗೇ ಕೇಳುವಂತೆ. ಆ ಖುಷಿಯ ಬೆನ್ನಿಗೇ ಒಂದು ಸಣ್ಣ ಮುಳ್ಳು ಚುಚ್ಚಿತು. ಹೇಳಿದ್ದು ಮಿತ್ರಿಯ ದನಿ. ತಮಾಷೆ ಎಂದು ಒರೆಸಿಬಿಡಬಹುದಾದ ದನಿ. ಅವಳಿಗೆ ಬೇಕಿದ್ದದ್ದು ನಖ್ಲೆಯ ಸ್ವಂತ ಗಂಟಲಿನ ಒಂದೇ ಒಂದು ಮಾತು.

ಅರಕ್‌ಗೆ ನೀರು ಬೀಳುತ್ತಲೇ ಗ್ಲಾಸಿನೊಳಗೆ ಮೋಡ ಎದ್ದಿತು. ಮನೆಯಲ್ಲಿ ನೂರು ಸಲ ಕಂಡದ್ದನ್ನು ಅಪ್ಪ ಇಂದು ಬಿಸಿಲಿಗೆ ಹಿಡಿದು, ಮಗುವಿನಂತೆ ನೋಡಿದ. “ಬದುಕಿದೆ ನೋಡು,” ಎಂದ, ಯಾರಿಗೂ ಅಲ್ಲದೆ. “ಇದನ್ನೆಲ್ಲ ನೋಡದೆ ಹೋಗಿಬಿಡ್ತಿದ್ದೆ.” ನಖ್ಲೆಯ ಬೆನ್ನ ಮೇಲೆ ಕೈಯಿಟ್ಟ. ಆ ಕೈ ಅಲ್ಲಿ ಬಹಳ ಹೊತ್ತು ಇತ್ತು.

ಕೆಂಡದ ಮಾಂಸ ಬಂತು, ಹೋಯಿತು. ಐಸಿನ ಗುಡ್ಡದ ಮೇಲೆ ಹಣ್ಣುಗಳು ಬಂದವು. ಅತ್ತೆ ಪರ್ಸನ್ನು ಕುರ್ಚಿಗೆ ನೇತುಹಾಕಿ, ಚಪ್ಪಲಿ ಕಳಚಿ, ಇನ್ನು ಇಲ್ಲೇ ಸಂಸಾರ ಹೂಡುವವಳಂತೆ ಕೂತಳು.

“ಕಾಫಿ?” ಎಂದ ಮಿತ್ರಿ. “ಸಿಹಿ, ಹದ, ಸಾದಾ?”

“ಎಲ್ಲರಿಗೂ ಸಿಹಿ!” ತನ್ನೂಸ್ ಕೈ ಬೀಸಿದ. “ಇಂಥ ದಿನ ಕಹಿ ಯಾರಿಗಪ್ಪ ಬೇಕು?”

ನಖ್ಲೆಯ ಬಾಯಿ ತೆರೆದು ಮುಚ್ಚಿತು. ವರ್ದೆ ನೋಡಿದಳು. ಸೂತಕದ ವರ್ಷ ತುಂಬುವ ತನಕ ಅವನು ಸಕ್ಕರೆ ಹಾಕಿದ ಕಾಫಿ ಮುಟ್ಟುವವನಲ್ಲ. ಚಳಿಗಾಲದಲ್ಲಿ ಅವನಿಗೆಂದೇ ಅವಳು ಬೇರೆ ಪಾತ್ರೆ ಇಡುತ್ತಿದ್ದಳು, ಅಪ್ಪನಿಗೂ ಗೊತ್ತಿಲ್ಲದ ಹಾಗೆ. ಆದರೆ ಉಣಬಡಿಸಿದ ಹಿರಿಯ ಸಿಹಿ ಎಂದ ಮೇಲೆ ನನಗೆ ಬೇರೆ ಎನ್ನುವುದು ಅವನ ಬಾಯಿಂದ ಬರುವ ಮಾತಾಗಿರಲಿಲ್ಲ.

ಪುಟ್ಟ ಕಪ್ಪುಗಳು ಬಂದವು. ತನ್ನೂಸ್ ಸೊರ್ರನೆ ಎಳೆದ. ಅತ್ತೆ ಸೊರ್ರನೆ ಎಳೆದು, “ಏಲಕ್ಕಿ ಜಾಸ್ತಿ” ಎಂದಳು. ವರ್ದೆ ತುಟಿ ತಾಗಿಸಿದಳು. ನಖ್ಲೆಯ ಕಪ್ಪು ಇಟ್ಟಲ್ಲೇ ಇತ್ತು. ಅವನು ಹೊಳೆ ನೋಡುತ್ತಿದ್ದ.

ತನ್ನೂಸ್ ಎರಡನೆಯ ಗುಟುಕಿಗೆ ಕಪ್ಪು ಎತ್ತಿದವನು ಅರ್ಧದಲ್ಲೇ ತಡೆದ. ಅವನ ಕಣ್ಣು ನಖ್ಲೆಯ ಕಪ್ಪಿನ ಮೇಲೆ ನಿಂತಿತು. ತುಂಬಿದ ಕಪ್ಪು. ನೊರೆಯೂ ಒಡೆದಿಲ್ಲ.

“ಯಾಕೆ ಮಗನೇ, ಕುಡೀತಿಲ್ಲ?”

“ಇರಲಿ ಮಾವ.”

“ಇರಲಿ ಅಂದ್ರೆ?”

“ಇರಲಿ,” ಎಂದ ನಖ್ಲೆ, ಮೆಲ್ಲಗೆ, ಅಪ್ಪನ ಮುಖ ನೋಡಲಾಗದೆ ಕೆಳಗೆ ನೋಡುತ್ತ.

ಐನ್ ಮಿಶ್ಮಿಶ್ ಕಡೆಯವರು ಹೆಣ್ಣು ಕೇಳುವುದು ಬಾಯಿಂದಲ್ಲ, ಕಪ್ಪಿನಿಂದ. ಗಂಡಿನ ಕಡೆಯ ಹಿರಿಯ ಬಂದು ಕೂರುತ್ತಾನೆ. ಕಾಫಿ ಬರುತ್ತದೆ. ಅವನು ಮುಟ್ಟುವುದಿಲ್ಲ. ಯಾಕೆ ಕುಡಿಯುತ್ತಿಲ್ಲ ಎಂದು ಕೇಳಬೇಕು, ಇರಲಿ ಎನ್ನಬೇಕು. ಕೊಡುವ ಮನಸ್ಸಿದ್ದರೆ ಹೆಣ್ಣಿನ ತಂದೆ “ಕುಡಿ” ಅನ್ನುತ್ತಾನೆ. ಮನಸ್ಸಿಲ್ಲದಿದ್ದರೆ ಕಪ್ಪು ಆರಿ ವಾಪಸ್ಸು ಹೋಗುತ್ತದೆ, ಅದರ ಜೊತೆಗೆ ಎರಡು ಮನೆಗಳ ಬಳಕೆಯೂ.

ವರ್ದೆಗೆ ಅದು ಹೊಳೆಯುವಷ್ಟರಲ್ಲಿ ಅಪ್ಪನ ಕಣ್ಣು ತುಂಬಿಬಿಟ್ಟಿತ್ತು.

“ಅಯ್ಯೋ ಕಂದ,” ಎಂದ ತನ್ನೂಸ್. “ನಿನ್ನ ಕಡೆಯಿಂದ ಬಂದು ಕೂರೋಕೆ ಅಪ್ಪ ಇಲ್ಲ, ಅಮ್ಮ ಇಲ್ಲ. ಅದಕ್ಕೆ ನೀನೇ ಕೂತ್ಯಾ? ಒಬ್ನೇ?” ಕುರ್ಚಿ ಹಿಂದೆ ತಳ್ಳಿ ಎದ್ದು ನಿಂತ. “ಕುಡಿ ಮಗನೇ. ನೀನು ಕೇಳೋಕೆ ಬಂದದ್ದು ಕೊಟ್ಟೆ. ಕುಡಿ!”

ನಖ್ಲೆ ಕಣ್ಣು ಕಣ್ಣು ಬಿಟ್ಟ. ಕಪ್ಪು ನೋಡಿದ. ಅಪ್ಪನನ್ನು ನೋಡಿದ. ನಿಧಾನವಾಗಿ, ಕುತ್ತಿಗೆಯಿಂದ ಕಿವಿಯ ತುದಿಯವರೆಗೆ ಕೆಂಪಾದ.

ಅಷ್ಟರಲ್ಲಿ ಸೈದೆ ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು ಉಲುಲುಲು ಎಂದು ಒಂದು ಮಂಗಳದ ಕೂಗು ಎತ್ತಿದಳು ನೋಡಿ, ಪಾಪ್ಲರ್ ಮರದ ಹಕ್ಕಿಗಳು ಹಾರಿ ಹೋದವು. ಪಕ್ಕದ ಮೇಜಿನವರು ಚಪ್ಪಾಳೆ ತಟ್ಟಿದರು. ಅದರಾಚೆಯವರು ಏನೆಂದು ತಿಳಿಯದೆಯೇ ತಟ್ಟಿದರು. ಅಪರಿಚಿತ ಅಜ್ಜಿಯೊಬ್ಬಳು ಬಂದು ವರ್ದೆಯ ಎರಡೂ ಕೆನ್ನೆಗೆ ಮುತ್ತಿಟ್ಟು, “ಮುತ್ತಿನಂಥ ಜೋಡಿ” ಎಂದು ಹೋದಳು. ಮಿತ್ರಿ ಸಿಹಿಯ ತಟ್ಟೆ ಹಿಡಿದು ಓಡಿ ಬಂದ. ಯಾರೂ ಕೇಳದೆ ಬಂದದ್ದು ಅದೊಂದೇ ತಟ್ಟೆ.

ಆ ಗದ್ದಲದ ನಡುವೆ ವರ್ದೆ ಅಲುಗದೆ ಕೂತಿದ್ದಳು.

ಸುಮ್ಮನಿದ್ದರೆ ಸಾಕಿತ್ತು. ಗಿರಣಿಯವರ ಮಗ ಇಲ್ಲ, ಕೊಯ್ಲಿನ ಭಯ ಇಲ್ಲ. ಎದುರಿಗೆ ಕೂತ ಈ ಎಡಹುಬ್ಬು, ಹುಳಿಗೆ ಮುಚ್ಚುವ ಈ ಒಂದು ಕಣ್ಣು, ಎಲ್ಲ ಅವಳದು. ನಖ್ಲೆ ಬಾಯಿ ಬಿಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಇಷ್ಟು ಜನರ ಮುಂದೆ ತುಂಬಿದ ಕಣ್ಣಿನ ಮುದುಕನಿಗೆ, ಮಾವ ನಾನು ಕೇಳಲೇ ಇಲ್ಲ ಎನ್ನುವುದಕ್ಕಿಂತ ಅವನು ಕಪ್ಪಿನ ಜೊತೆ ಬಸಿಯನ್ನೂ ನುಂಗಿಬಿಟ್ಟಾನು. ನಾಚಿಕೆಗೆ ಕಟ್ಟುಬಿದ್ದು ಮದುವೆಯೂ ಆಗಿಬಿಟ್ಟಾನು. ಆಮೇಲೆ ಬದುಕಿಡೀ, ಅವನು ಅವಳ ಕಡೆ ನೋಡಿ ನಕ್ಕಾಗಲೆಲ್ಲ, ಇದು ಸಕ್ಕರೆಯಿಂದ ಸಿಕ್ಕದ್ದೋ ಎಂದು ಅವಳು ಕೇಳಿಕೊಳ್ಳಬೇಕು.

ನಖ್ಲೆಯ ಕೈ ಕಪ್ಪಿನ ಕಡೆ ಚಾಚಿತು.

“ಅಪ್ಪ.” ದನಿ ಅವಳಿಗೇ ಗಟ್ಟಿ ಎನಿಸಿತು. “ಅವರು ಸಿಹಿ ಕಾಫಿ ಕುಡಿಯಲ್ಲ.”

“ಏನಂದೆ?”

“ಸೂತಕ ಅಲ್ವಾ. ಅವರು ಸಕ್ಕರೆ ಮುಟ್ಟಲ್ಲ. ಅದಕ್ಕೇ ಇಟ್ಟಿದ್ದಾರೆ. ಅಷ್ಟೇ.”

ಚಪ್ಪಾಳೆಗಳು ಒಂದೊಂದಾಗಿ ಸತ್ತವು. ಹೊಳೆಯ ಸದ್ದು ತಟ್ಟನೆ ದೊಡ್ಡದಾಯಿತು.

ತನ್ನೂಸ್ ನಿಂತೇ ಇದ್ದ. ಕೂರುವುದು ಹೇಗೆಂದು ಮರೆತವನಂತೆ ಕುರ್ಚಿಯ ಬೆನ್ನು ತಡಕಾಡಿದ. “ಓ,” ಎಂದ. “ಓ. ಹೌದಲ್ಲ. ಮುದುಕ ನಾನು. ಮುದುಕನ ತಲೆ.” ಮುಖವೆಲ್ಲ ಬೆವರಿತ್ತು. ಅತ್ತೆ ಚಪ್ಪಲಿಗಾಗಿ ಮೇಜಿನಡಿ ಕಾಲಾಡಿಸಿದಳು.

“ಮಿತ್ರಿಯಣ್ಣ,” ವರ್ದೆ ಎಂದಳು, ನಖ್ಲೆಯ ಕಡೆ ನೋಡದೆ. “ಸಕ್ಕರೆ ಇಲ್ಲದ್ದು ಒಂದು.”

ಮಿತ್ರಿ ಸಿಹಿಯ ತಟ್ಟೆಯನ್ನು ಎಲ್ಲಿಡಲೆಂದು ತಿಳಿಯದೆ ತಲೆಯ ಮೇಲೆ ಹೊತ್ತುಕೊಂಡೇ ಅಡುಗೆಮನೆಗೆ ಓಡಿದ.

ಕಾಫಿ ಕುದಿಯಲು ಎಷ್ಟು ಹೊತ್ತು ಬೇಕು? ವರ್ದೆಗೆ ಕೈ ಬಲ್ಲ ಲೆಕ್ಕ ಅದು. ಮೂರು ಸಲ ಉಕ್ಕಬೇಕು, ಮೂರು ಸಲ ಇಳಿಸಬೇಕು. ಒಂದನೆಯ ಉಕ್ಕಿಗೆ ಅವಳು ಮೇಜುಬಟ್ಟೆಯ ಮೇಲಿನ ಎಣ್ಣೆಯ ಕಲೆ ನೋಡಿದಳು. ಎರಡನೆಯದಕ್ಕೆ, ನಾನು ಯಾಕಾದರೂ ಬಾಯಿಬಿಟ್ಟೆನೋ ಎಂದುಕೊಂಡಳು. ಈಗ ಅವನು ಕುಡಿಯುತ್ತಾನೆ. ಬಾಯಿ ಒರೆಸಿಕೊಳ್ಳುತ್ತಾನೆ. “ಬರ್ತೀನಿ ಮಾವ” ಎನ್ನುತ್ತಾನೆ. ನಾಲ್ವರೂ ಲಾರಿ ಹತ್ತಿ, ಮಾತಿಲ್ಲದೆ ಊರು ಸೇರುತ್ತಾರೆ. ಮೂರನೆಯ ಉಕ್ಕಿಗೆ ಅವಳಿಗೆ ಏನನ್ನೂ ಅಂದುಕೊಳ್ಳಲಾಗಲಿಲ್ಲ.

ಮಿತ್ರಿ ಕಪ್ಪು ತಂದು ನಖ್ಲೆಯ ಮುಂದಿಟ್ಟ. ಇಟ್ಟವನು ಹೋಗಲಿಲ್ಲ. ಪಕ್ಕದ ಮೇಜಿನವರು ತಿನ್ನುವ ನಾಟಕ ಆಡುತ್ತ ಕಿವಿಯನ್ನು ಮಾತ್ರ ಇತ್ತ ಕಳಿಸಿದ್ದರು.

ನಖ್ಲೆ ಕಪ್ಪನ್ನು ಎತ್ತಿದ. ಅವನು ಅದನ್ನು ಮೂಗಿನ ಹತ್ತಿರ ತಂದು ವಾಸನೆ ನೋಡಿದ. ಸರಿಯಿದೆ ಎಂಬಂತೆ ತಲೆಯಾಡಿಸಿದ. ಆಮೇಲೆ ಅದನ್ನು ಕೆಳಗಿಟ್ಟು, ಒಂದೇ ಬೆರಳಿನಿಂದ, ತುಳುಕದ ಹಾಗೆ, ತನ್ನಿಂದ ದೂರಕ್ಕೆ ಸರಿಸಿದ.

“ಇದರಲ್ಲಿ ಸಕ್ಕರೆ ಇಲ್ಲ ಮಾವ,” ಎಂದ. “ಇದನ್ನ ನಾನು ಕುಡೀಬಹುದು.”

ಬಸಿಯ ಅಂಚಿನಿಂದ ಬೆರಳು ತೆಗೆದ.

“ಆದ್ರೆ ಕುಡಿಯಲ್ಲ.”

ಅದು ಮಿತ್ರಿಯ ದನಿಯಲ್ಲ. ಪಾದ್ರಿಯದಲ್ಲ, ರೇಡಿಯೋದ್ದಲ್ಲ. ಸ್ವಲ್ಪ ಒಡಕು, ಸ್ವಲ್ಪ ಒಣಗಿದ್ದು, ಯಾರಿಂದಲೂ ಎರವಲು ತಾರದ್ದು.

“ಅಮ್ಮನ ವರ್ಷ ಮುಗೀಲಿ, ಪಾದ್ರಿಗಳನ್ನ ಮುಂದಿಟ್ಕೊಂಡು ನಿಮ್ಮ ಬಾಗಿಲಿಗೇ ಬರೋಣ ಅಂತ ಇದ್ದೆ. ಅಲ್ಲೀವರೆಗೆ ಬಾಯಿ ಬಿಡಬಾರದು ಅಂತ ಹಲ್ಲು ಕಚ್ಕೊಂಡಿದ್ದೆ. ಆ ಕಪ್ಪು ಸುಮ್ನೆ ನಿಂತಿದ್ದು ಮಾವ. ಈ ಕಪ್ಪು ನಾನು ನಿಲ್ಲಿಸಿದ್ದು.” ಈಗ ಅವನು ವರ್ದೆಯನ್ನು ನೇರವಾಗಿ ನೋಡಿದ. “ಆ ಸಿಹಿ ಕಪ್ಪನ್ನೂ ಕುಡಿದುಬಿಡ್ತಿದ್ದೆ. ಸುಮ್ನಿದ್ರೆ ಸಿಕ್ಬಿಡ್ತಾರಲ್ಲ ಅಂತ ಆಸೆ ಆಯ್ತು. ಇವರು ಬಿಡಲಿಲ್ಲ.”

ಅತ್ತೆ ಕೈವಸ್ತ್ರದಿಂದ ಕಣ್ಣೊರೆಸಿಕೊಂಡಳು. “ಹೇಳೋ ತನ್ನೂಸ್, ಏನು ನೋಡ್ತಿದ್ದೀಯ!”

“ನಾನು ಬಾಯಿ ಬಿಡಲ್ಲಪ್ಪ,” ತನ್ನೂಸ್ ಎರಡೂ ಕೈ ಮೇಲೆತ್ತಿದ. “ಒಂದು ಸಲ ಬಿಟ್ಟು ಮರ್ಯಾದೆ ಹೊಳೆಗೆ ಹೋಯ್ತು. ಈ ಸಲ ಅವಳೇ ಹೇಳ್ಲಿ.”

ಊರಿನ ಹುಡುಗಿಯರು ಈ ಗಳಿಗೆಯನ್ನು ಒಳಕೋಣೆಯ ಬಾಗಿಲ ಸಂದಿಯಲ್ಲಿ, ಉಸಿರು ಬಿಗಿಹಿಡಿದು, ಬೇರೆಯವರ ಬಾಯಿಂದ ಕೇಳಿಸಿಕೊಳ್ಳುತ್ತಾರೆ. ವರ್ದೆಯ ಮುಂದೆ ಬಾಗಿಲಿರಲಿಲ್ಲ. ಬಿಳಿ ಬಟ್ಟೆ, ಅದರ ಮೇಲೆ ಬೆರಳ ಗಾತ್ರದ ಕಪ್ಪು, ಕಪ್ಪಿನಾಚೆ ಒಬ್ಬ ಮನುಷ್ಯ. ಲಾರಿಯನ್ನು ಹಿಮದಿಂದ ಎಳೆದು ತೆಗೆದ ಕೈಗಳು ಮೇಜಿನ ಅಂಚಿನಲ್ಲಿ ನಡುಗುತ್ತಿದ್ದವು. ನನ್ನ ಒಂದು ಮಾತಿಗೆ ಇಷ್ಟು ದೊಡ್ಡ ಕೈಗಳು ನಡುಗುತ್ತವೆಯೇ ಎಂದು ಅವಳಿಗೆ ಭಯದಂಥ ಬೆರಗಾಯಿತು. ಆ ಬೆರಗನ್ನು ಇನ್ನೊಂದು ಚೂರು ಹೊತ್ತು ಇಟ್ಟುಕೊಳ್ಳಬೇಕೆನಿಸಿತು.

“ಗಿರಣಿಯವರಿಗೆ ಏನಂತ ಹೇಳೋದು?” ಎಂದಳು.

“ಬೀಸ್ಕೊಳ್ಳಿ ಅಂತ!” ಎಂದಳು ಅತ್ತೆ. “ಬೇಗ ಹೇಳೇ, ಆರೋಗ್ತಿದೆ!”

“ಆರಿದ್ರೆ ಕುಡಿಯಲ್ವಾ?” ವರ್ದೆ ನಖ್ಲೆಯನ್ನೇ ಕೇಳಿದಳು.

“ಐಸಾದ್ರೂ ಕುಡೀತೀನಿ.”

“ಹಾಗಾದ್ರೆ ಏನು ಅವಸರ?”

“ಅಮ್ಮಾ ತಾಯಿ,” ಮಿತ್ರಿ ಗೋಗರೆದ, “ಒಳಗೆ ಮಾಂಸ ಸೀಯ್ತಿದೆ. ನೀವು ಹೇಳದೆ ನಾನು ಇಲ್ಲಿಂದ ಅಲ್ಲಾಡಲ್ಲ.”

ವರ್ದೆ ಕಪ್ಪಿನ ಬಸಿಗೆ ಬೆರಳು ತಾಗಿಸಿದಳು. ಬಿಸಿ ಇನ್ನೂ ಇತ್ತು. ಅವನು ಸರಿಸಿದಷ್ಟೇ ದೂರವನ್ನು, ಅಷ್ಟೇ ಜೋಪಾನವಾಗಿ, ಹಿಂದಕ್ಕೆ ಸರಿಸಿದಳು.

“ಕುಡಿ,” ಎಂದಳು.

ನಖ್ಲೆ ಕಪ್ಪೆತ್ತಿ ಒಂದೇ ಗುಟುಕಿಗೆ ಸುರಿದುಕೊಂಡ. “ಅಯ್ಯಯ್ಯೋ ನಿಧಾನ, ತಳದಲ್ಲಿ ಗಸಿ!” ಎಂದು ಮಿತ್ರಿ ಕೂಗುವ ಹೊತ್ತಿಗೆ ಗಸಿಯೂ ಒಳಗೆ ಹೋಗಿತ್ತು. ಬಿಕ್ಕಿ, ಕೆಮ್ಮಿ, ಕಣ್ಣಲ್ಲಿ ನೀರು ಬರಿಸಿಕೊಂಡು, ಖಾಲಿ ಕಪ್ಪನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಅವನು ನಕ್ಕ. ಮುಂದಿನ ಹಲ್ಲುಗಳಿಗೆಲ್ಲ ಕಾಫಿಯ ಕರಿ ಮೆತ್ತಿಕೊಂಡಿತ್ತು. ಹೋಟೆಲಿಗೆ ಹೋಟೆಲೇ ನಗುತ್ತಿತ್ತು.

ವರ್ದೆ ಆ ಕರಿಹಲ್ಲಿನ ನಗುವನ್ನು ಕಣ್ತುಂಬ ನೋಡುತ್ತ ಕೂತಳು. ಇಂಥ ಹೊತ್ತಿನಲ್ಲಿ ಹುಡುಗಿ ತಲೆ ತಗ್ಗಿಸಬೇಕು ಎಂಬುದು ಅವಳಿಗೆ ನೆನಪೇ ಆಗಲಿಲ್ಲ.